ಹರಿದ ಸ್ನಾಯು ಮತ್ತು ದೇಹದ ಕಾವಲುಪಡೆ

ಮಾವಳ್ಳಿ, ಮುರ್ಡೇಶ್ವರ, ಭಟ್ಕಳದ ಕಡೆಯ ಭಕ್ತಬಾಂಧವರಿಗೆ ರಾಷ್ಟ್ರೀಯ ಹೆದ್ದಾರಿ 66ರ ಅಪಘಾತಗಳಾಗಲಿ, ದೋಣಿಯ ಯಂತ್ರಕ್ಕೆ ಕೈ ಸಿಲುಕುವ ಅವಘಡಗಳಾಗಲಿ ಅಪರಿಚಿತವಲ್ಲ. ಮುರಿದ ಮೂಳೆ ಕೂಡುತ್ತದೆಂಬ ಧೈರ್ಯ ನಮಗಿದೆ. ಆದರೆ ತೊಡೆಯ ಮಾಂಸಖಂಡದ ದೊಡ್ಡ ಭಾಗವೇ ಕಿತ್ತುಹೋದರೆ, ಮೂಳೆ ಕೂಡಿದ ಮೇಲೂ ಕಾಲು ಮೊದಲಿನಂತಾಗುವುದಿಲ್ಲ. ಏಕೆ?

ಸ್ನಾಯುವಿಗೆ ತನ್ನನ್ನು ತಾನೇ ಕಟ್ಟಿಕೊಳ್ಳುವ ಶಕ್ತಿಯುಂಟು. 1961ರಲ್ಲಿ ಅಲೆಕ್ಸಾಂಡರ್ ಮೌರೊ ಗುರುತಿಸಿದ ಉಪಗ್ರಹ ಕೋಶಗಳು ಗಾಯವಾದೊಡನೆ ಎಚ್ಚೆತ್ತು ಹೊಸ ತಂತುಗಳಾಗುತ್ತವೆ. ಅವುಗಳಿಗೆ ದಾರಿ ತೋರುವುದು ರೋಗನಿರೋಧಕ ವ್ಯವಸ್ಥೆ. ಮೊದಲು ಧಾವಿಸುವ ಬಿಳಿ ರಕ್ತಕಣಗಳು ಸತ್ತ ಅಂಗಾಂಶವನ್ನು ತಿಂದು ಶುಚಿಗೊಳಿಸುತ್ತವೆ. ಕೆಲವು ದಿನಗಳಲ್ಲಿ ಮ್ಯಾಕ್ರೋಫೇಜ್ ಎಂಬ ಕೋಶಗಳು ಸ್ವಭಾವ ಬದಲಿಸಿ ಕಟ್ಟುವ ಕೆಲಸಕ್ಕೆ ನಿಲ್ಲುತ್ತವೆ. ಈ ಕಾರ್ಯದಲ್ಲಿ ನಿಯಂತ್ರಕ ಟಿ ಕೋಶಗಳ ಪಾತ್ರವೂ ಇದೆಯೆಂದು 2013ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಗಾಯ ಮಿತಿಮೀರಿದರೆ ಈ ಪರಿವರ್ತನೆ ತಪ್ಪಿ, ಉರಿಯೂತ ಮುಂದುವರಿದು, ಸ್ನಾಯುವಿನ ಜಾಗದಲ್ಲಿ ಗಡಸು ನಾರು ತುಂಬುತ್ತದೆ.

ಆದ್ದರಿಂದ ಹೊಸ ಚಿಕಿತ್ಸೆಯ ಗುರಿ ಊತವನ್ನು ಅಡಗಿಸುವುದಲ್ಲ, ಕಾವಲುಪಡೆಯ ದಿಕ್ಕನ್ನು ತಿರುಗಿಸುವುದು. 2014ರಲ್ಲಿ ಅಮೆರಿಕೆಯ ಪಿಟ್ಸ್‌ಬರ್ಗ್ ವೈದ್ಯರು ಐವರು ಗಾಯಾಳುಗಳಿಗೆ, ಕೋಶಗಳನ್ನು ತೊಳೆದು ತೆಗೆದ ಹಂದಿಯ ಮೂತ್ರಕೋಶದ ಪೊರೆಯನ್ನು ಸ್ನಾಯುವಿದ್ದೆಡೆ ಇರಿಸಿದ ಪ್ರಯೋಗವನ್ನು ವರದಿ ಮಾಡಿದರು. ಮೂವರಲ್ಲಿ ಕಾಲಿನ ಬಲ ಹೆಚ್ಚಿತು. ಸಸ್ಯಾಹಾರಿಗಳಾದ ನಮ್ಮಲ್ಲಿ ಹಲವರು ಈ ಮಾತಿಗೆ ಮುಖ ಸಿಂಡರಿಸಬಹುದು. ರಕ್ತ ಹೆಪ್ಪುಗಟ್ಟದಂತೆ ನೀಡುವ ಹೆಪಾರಿನ್ ಕೂಡ ಹಂದಿಯ ಕರುಳಿನಿಂದಲೇ ಬರುತ್ತದೆಂಬುದನ್ನು ನೆನೆಯಬೇಕು. ಆದರೂ ವೈದ್ಯರು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಲಿ ಎಂಬುದೇ ನನ್ನ ಅಭಿಪ್ರಾಯ.

ಇಂಥ ಚಿಕಿತ್ಸೆಗಳು ಇನ್ನೂ ಶೈಶವದಲ್ಲಿವೆ. ಅವುಗಳ ಹೆಸರಿನಲ್ಲಿ ಯಾರಾದರೂ ದುಬಾರಿ ಚುಚ್ಚುಮದ್ದು ಮಾರಲು ಬಂದರೆ ನಂಬಬೇಡಿ. ವೈದ್ಯರ ಸಲಹೆಯಿಲ್ಲದೆ ಸ್ಟೆರಾಯ್ಡ್ ಮಾತ್ರೆ ನುಂಗುವುದೂ ಸಲ್ಲದು. ಅದು ಗಾಯ ಮಾಯುವುದನ್ನೇ ತಡೆಯಬಲ್ಲದು. ಜಜ್ಜಿದ ಸ್ನಾಯುವಿಗೆ ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವ ನಮ್ಮ ರೂಢಿಯನ್ನಂತೂ ಬಿಡಲೇಬೇಕು: ಹಾಗೆ ಮಾಡಿದರೆ ಸ್ನಾಯುವಿನೊಳಗೆ ಮೂಳೆ ಬೆಳೆಯುವುದುಂಟು. ಬಿಗಿಯಾದ ಬಿದಿರಿನ ಪಟ್ಟಿ ರಕ್ತಸಂಚಾರವನ್ನೇ ನಿಲ್ಲಿಸಬಹುದು.

ರಕ್ತ ನಿಂತ ಸ್ನಾಯು ಸುಮಾರು 6 ಗಂಟೆಗಳಲ್ಲಿ ಮರಳಿ ಬಾರದಂತೆ ಸಾಯತೊಡಗುತ್ತದೆ. ಮಾವಳ್ಳಿಯಿಂದ ಮಣಿಪಾಲಕ್ಕೆ ಸುಮಾರು 100 ಕಿಲೋಮೀಟರು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಅಸುನೀಗಿದರು. ಉತ್ತರ ಕನ್ನಡಕ್ಕೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ಮತ್ತೆ ಎದ್ದಿತು. ಪ್ರಯೋಗಾಲಯದ ಹೊಸ ಚಿಕಿತ್ಸೆ ನಾಳೆ ಬಂದರೂ, ಸ್ನಾಯು ಜೀವಂತವಾಗಿರುವಾಗಲೇ ಗಾಯಾಳುವನ್ನು ಮುಟ್ಟಿಸಬಲ್ಲ ಶಸ್ತ್ರಚಿಕಿತ್ಸಾಲಯ ಈ ಕರಾವಳಿಗೆ ಅದಕ್ಕೂ ಮುಂಚೆ ಬೇಕಾಗಿದೆ.