ಬಳಕೆಯ ಸಂಶೋಧಕರನ್ನು ಆರಿಸುವ ಬಗೆ

ಹೊಸ ಉಪಕರಣವನ್ನಾಗಲಿ ಮೊಬೈಲ್ ಫೋನಿನ ಪರದೆಯನ್ನಾಗಲಿ ರೂಪಿಸುವ ವಿನ್ಯಾಸಕಾರರು ಈಗ 'ಬಳಕೆದಾರರ ಅನುಭವದ ಸಂಶೋಧಕ'ರೆಂಬವರನ್ನು ನೇಮಿಸಿಕೊಳ್ಳುವುದು ವಾಡಿಕೆಯಾಗಿದೆ. ಜನರು ಆ ವಸ್ತುವನ್ನು ನಿಜವಾಗಿ ಹೇಗೆ ಬಳಸುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂಬುದನ್ನು ಕಂಡು ಹೇಳುವುದೇ ಇವರ ಕೆಲಸ. ಇಂಥವರಲ್ಲಿ ನೋಡತಕ್ಕದ್ದೇನು? ಪದವಿಯೇ, ಮಾತಿನ ಚಾತುರ್ಯವೇ? ಇವೆರಡಕ್ಕಿಂತಲೂ ಮೊದಲು ನೋಡಬೇಕಾದ ಗುಣ ಬೇರೊಂದಿದೆಯೆಂದು ನಾವು ಭಾವಿಸುತ್ತೇವೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರು ವಿಮಾನಗಳಿಗೆ ವಿಚಿತ್ರವಾದ ಅಪಘಾತವೊಂದು ಮತ್ತೆ ಮತ್ತೆ ಒದಗುತ್ತಿತ್ತು. ವಿಮಾನವು ಕ್ಷೇಮವಾಗಿ ನೆಲವನ್ನು ಮುಟ್ಟಿದ ಮೇಲೆ ಚಾಲಕನು ರೆಕ್ಕೆಯ ಫ್ಲಾಪುಗಳನ್ನು ಮಡಿಸುವ ಬದಲು ಗಾಲಿಗಳನ್ನೇ ಮಡಿಸಿಬಿಡುತ್ತಿದ್ದನು. 'ಚಾಲಕನ ತಪ್ಪು' ಎಂದು ಬರೆದರೆ ವಿಚಾರಣೆ ಮುಗಿದಂತೆಯೇ. ಆಲ್ಫಾನ್ಸ್ ಚಪಾನಿಸ್ ಎಂಬ ತರುಣ ಮನೋವಿಜ್ಞಾನಿ ಅಲ್ಲಿಗೆ ನಿಲ್ಲಲಿಲ್ಲ. ಸಿ-47 ಸಾಗಣೆ ವಿಮಾನದ ಚಾಲಕರು ಈ ತಪ್ಪನ್ನು ಏಕೆ ಮಾಡುವುದಿಲ್ಲ ಎಂದು ಅವರು ವಿಚಾರಿಸಿದರು. ನೋಡಿದರೆ, ಬಿ-17ರಲ್ಲಿ ಗಾಲಿಯ ಸ್ವಿಚ್ಚೂ ಫ್ಲಾಪಿನ ಸ್ವಿಚ್ಚೂ ಅಕ್ಕಪಕ್ಕದಲ್ಲಿದ್ದು, ಒಂದೇ ಆಕಾರದವಾಗಿದ್ದವು; ಸಿ-47ರಲ್ಲಿ ಹಾಗಿರಲಿಲ್ಲ. ಒಂದಕ್ಕೆ ರಬ್ಬರಿನ ಪುಟ್ಟ ಗಾಲಿಯನ್ನೂ ಇನ್ನೊಂದಕ್ಕೆ ಬೆಣೆಯಾಕಾರದ ತುಂಡನ್ನೂ ಅಂಟಿಸಿದರೆ ಕಣ್ಣು ಬೇರೆಡೆ ಇದ್ದರೂ ಕೈಗೆ ವ್ಯತ್ಯಾಸ ತಿಳಿಯುವುದೆಂದು ಅವರು ತೋರಿಸಿಕೊಟ್ಟರು. ಇಂದಿಗೂ ವಿಮಾನಗಳಲ್ಲಿ ಗಾಲಿಯ ಹಿಡಿ ಗಾಲಿಯ ಆಕಾರದಲ್ಲಿಯೇ ಇರುತ್ತದೆ. 1947ರಲ್ಲಿ ಫಿಟ್ಸ್ ಮತ್ತು ಜೋನ್ಸ್ ಎಂಬವರು ಚಾಲಕರ 460 ತಪ್ಪುಗಳನ್ನು ಸಂಗ್ರಹಿಸಿ ಪರಿಶೀಲಿಸಿದಾಗಲೂ ಬಹಳಷ್ಟರ ಮೂಲ ಹಿಡಿಗಳ ಜೋಡಣೆಯಲ್ಲಿಯೇ ಕಂಡಿತು.

'ಬಳಸುವವನು ತಪ್ಪಿದನು' ಎಂಬಲ್ಲಿಗೆ ಇತರರ ವಿಚಾರ ಮುಗಿಯುತ್ತದೆ. ಸಂಶೋಧಕರ ವಿಚಾರ ಅಲ್ಲಿಂದ ಮೊದಲಾಗಬೇಕು. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹೊಸದೇನಲ್ಲ. ಒಳ್ಳೆಯ ಆಮ್ಮೀಟರಿನ ಮುಳ್ಳಿನ ಕೆಳಗೆ ಕನ್ನಡಿಯ ಪಟ್ಟಿಯೊಂದನ್ನು ಕೂರಿಸಿರುವುದನ್ನು ಅವರು ಕಂಡಿರುತ್ತಾರಷ್ಟೆ. ಓರೆಯಾಗಿ ನೋಡಿದರೆ ಮುಳ್ಳೂ ಪ್ರತಿಬಿಂಬವೂ ಬೇರೆಬೇರೆಯಾಗಿ ಕಾಣುತ್ತವೆ. ಅದನ್ನು ಯೋಚಿಸಿದವರು, ನೋಡುವವರನ್ನು ದೂಷಿಸದೆ ಉಪಕರಣವನ್ನು ತಿದ್ದಿದರು.

ಜನರ ಬಾಯಿಮಾತಿಗಿಂತ ಅವರ ಕೈಯನ್ನು ನಂಬುವುದು ಎರಡನೆಯ ಗುಣ. ಬೆಲ್ ಪ್ರಯೋಗಾಲಯವು 1945ರಲ್ಲಿ ಜಾನ್ ಕಾರ್ಲಿನ್ ಎಂಬ ಮನೋವಿಜ್ಞಾನಿಯನ್ನು ನೇಮಿಸಿಕೊಂಡಿತು. ಟೆಲಿಫೋನಿನ ತಂತಿ ಎಷ್ಟು ಉದ್ದವಿರಬೇಕೆಂದು ಇವರು ಯಾರನ್ನೂ ಕೇಳಲಿಲ್ಲ. ಸಹೋದ್ಯೋಗಿಗಳ ಫೋನುಗಳ ತಂತಿಯನ್ನು ಗುಟ್ಟಾಗಿ, ಒಂದೊಂದೇ ಅಂಗುಲದಂತೆ ಕತ್ತರಿಸಿಸಿದರು. ಒಂದಡಿ ಹೋಗುವವರೆಗೆ ಯಾರಿಗೂ ತಿಳಿಯಲಿಲ್ಲ. (ಒಪ್ಪಿಗೆಯಿಲ್ಲದೆ ಹೀಗೆ ಮಾಡುವವರನ್ನು ಇಂದು ನೇಮಿಸಿಕೊಳ್ಳಬಾರದು.) ಗುಂಡಿ ಒತ್ತುವ ಟೆಲಿಫೋನು 1963ರಲ್ಲಿ ಬಳಕೆಗೆ ಬರುವ ಮೊದಲು ಅದೇ ಪ್ರಯೋಗಾಲಯದಲ್ಲಿ ಅಂಕೆಗಳ ಹಲವು ಜೋಡಣೆಗಳನ್ನು ಜನರ ಕೈಗೆ ಕೊಟ್ಟು, ತಗಲಿದ ಕಾಲವನ್ನೂ ಆದ ತಪ್ಪುಗಳನ್ನೂ ಅಳೆದರು. ಲೆಕ್ಕದ ಯಂತ್ರದಲ್ಲಿ 7, 8, 9 ಮೇಲಿದ್ದರೆ ಫೋನಿನಲ್ಲಿ 1, 2, 3 ಮೇಲಿವೆ. ಓದುಗರು ತಮ್ಮ ಕೈಯಲ್ಲಿರುವುದನ್ನೇ ನೋಡಿಕೊಳ್ಳಬಹುದು.

ಒಡೆಯರಿಗೆ ರುಚಿಸದ ಮಾತನ್ನು ಆಡುವ ಧೈರ್ಯವೂ ಬೇಕು. 1979ರ ಮಾರ್ಚಿಯಲ್ಲಿ ಅಮೆರಿಕದ ಥ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುತ್ಕೇಂದ್ರದಲ್ಲಿ ಕವಾಟವೊಂದು ತೆರೆದುಕೊಂಡೇ ಉಳಿಯಿತು. ಫಲಕದ ದೀಪ ಆರಿತ್ತು. ಕವಾಟ ಮುಚ್ಚಿದೆಯೆಂದು ನಿರ್ವಾಹಕರು ತಿಳಿದರು. ದೀಪವು ಸೂಚಿಸುತ್ತಿದ್ದುದು ಕವಾಟವನ್ನು ತೆರೆದಿಡುವ ವಿದ್ಯುತ್ತು ನಿಂತಿದೆಯೆಂಬುದನ್ನು ಮಾತ್ರ. ತಂಪುಗೊಳಿಸುವ ನೀರು ಹರಿದುಹೋಗಿ, ಇಂಧನಗರ್ಭದ ಸುಮಾರು ಅರ್ಧಭಾಗ ಕರಗಿತು. ಈ ದೀಪ ಏನು ಹೇಳುತ್ತದೆ, ನೋಡುವವರು ಏನೆಂದು ತಿಳಿಯುತ್ತಾರೆ ಎಂದು ಕೇಳಬಲ್ಲವರೊಬ್ಬರು ಫಲಕ ಸಿದ್ಧವಾಗುವ ಮೊದಲೇ ಇರಬೇಕಾಗಿತ್ತು. ತಮ್ಮ ಕೃತಿಗೆ ಪ್ರಶಂಸಾಪತ್ರ ಬರೆಯುವವರನ್ನು ಹುಡುಕುವ ವಿನ್ಯಾಸಕಾರರು ಆ ಸಂಬಳವನ್ನು ಉಳಿಸಿಕೊಳ್ಳುವುದೇ ಲೇಸು.

ಹಾಗಾದರೆ ಪರೀಕ್ಷಿಸುವುದು ಹೇಗೆ? ಉಪಕರಣವನ್ನು ಎಂದೂ ನೋಡದ ಒಬ್ಬರನ್ನು ಕರೆತಂದು, ಅವರು ಅದನ್ನು ಬಳಸುತ್ತಿರುವಾಗ ಕಾಲುಗಂಟೆ ಗಮನಿಸುವಂತೆ ಅಭ್ಯರ್ಥಿಗೆ ಹೇಳಬೇಕು. 'ಇದು ಸುಲಭವಾಗಿದೆ, ಅಲ್ಲವೇ?' ಎಂದು ಕೇಳುವವರು ಉತ್ತರವನ್ನು ತಾವೇ ಬಾಯಿಗೆ ಹಾಕಿದಂತಾಯಿತು. ಸಹಾಯಕ್ಕೆ ಕೈಚಾಚುವವರು ಸಜ್ಜನರೇ ಸರಿ, ಆದರೆ ನೋಡಬೇಕಾದುದನ್ನು ಅಳಿಸಿಹಾಕುತ್ತಾರೆ. ಕೊನೆಗೆ, ಬರೆದುಕೊಂಡ ಹಾಳೆಯನ್ನು ಕೇಳಿ ಪಡೆಯಬೇಕು. 'ಗೊಂದಲಗೊಂಡರು' ಎಂದಷ್ಟೇ ಇದ್ದರೆ ಅದು ಅಭಿಪ್ರಾಯ. 'ಎಡಗಡೆಯ ಗುಂಡಿಯನ್ನು ಮೂರು ಸಲ ಒತ್ತಿ, ನಿಂತು, ಪೆಟ್ಟಿಗೆಯ ಹಿಂಭಾಗವನ್ನು ತಿರುಗಿಸಿ ನೋಡಿದರು' ಎಂದಿದ್ದರೆ, ಆ ಅಭ್ಯರ್ಥಿಯನ್ನು ಎರಡನೆಯ ಸಲ ಕರೆಯಬಹುದು.