ಈ ರಜೆಗೆ ಎಲ್ಲಿಗೆ?

ಶಾಲೆಗೆ ರಜೆ ಸಿಕ್ಕಿದರೆ ಮಕ್ಕಳು "ಅಮ್ಮಿ, ಎಲ್ಲಿಗೆ ಹೋಗೋಣ?" ಎಂದು ಬೆನ್ನು ಹತ್ತುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಬಯಲಲ್ಲಿ ಬೆಳೆದ ಮಕ್ಕಳಿಗೆ ದ್ವೀಪವೆಂದರೆ ಎಲ್ಲಿಲ್ಲದ ಸೆಳೆತ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳನ್ನು ನೋಡಬೇಕೆಂಬ ಆಸೆ ತಪ್ಪೇನಲ್ಲ. ಆದರೆ ಖರ್ಚು, ರಾತ್ರಿ ಪ್ರಯಾಣ ಎಲ್ಲರಿಗೂ ಕೈಗೂಡುವುದಿಲ್ಲ. ಮಳೆಗಾಲದಲ್ಲಂತೂ ಅಲ್ಲಿಗೆ ದೋಣಿಯೇ ಇರುವುದಿಲ್ಲ.

ದ್ವೀಪದಲ್ಲಿ ಅಂಥದ್ದೇನಿದೆ ಸೋದರಿಯರೇ? ಸುತ್ತಲೂ ನೀರು. ಮನೆಯ ಕೆಲಸ, ಊರಿನ ಗದ್ದಲ ಆಚೆ ದಡದಲ್ಲೇ ಉಳಿಯುತ್ತದೆ. ಹಂಪಿಯ ಎದುರಿಗಿರುವ ವಿರೂಪಾಪುರ ಗಡ್ಡೆಗೆ ವಿದೇಶೀಯರು ಮುಗಿಬಿದ್ದದ್ದೂ ಈ ಸುಖಕ್ಕಾಗಿಯೇ. ಆದರೆ 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿದಾಗ ಅಲ್ಲಿದ್ದ ಪ್ರವಾಸಿಗರನ್ನು ರಕ್ಷಿಸಿ ಕರೆತರಬೇಕಾಯಿತು. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ಅಲ್ಲಿನ ಅಕ್ರಮ ರೆಸಾರ್ಟ್‌ಗಳನ್ನು ಕೆಡವಲಾಯಿತು.

ಬೆಳಗ್ಗೆ ಹೋಗಿ ಸಂಜೆಗೆ ಮರಳುವಷ್ಟು ಹತ್ತಿರದಲ್ಲಿ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರವಿದೆ. ಶತಮಾನಗಳ ಹಿಂದೆ ನೀರಾವರಿಗೆಂದು ಕಟ್ಟಿದ ಸುಮಾರು 98 ಹೆಕ್ಟೇರಿನ ಕೆರೆ, ಈಗ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. 2024ರ ಜನವರಿಯಲ್ಲಿ ಇದರ ಹೆಸರು ಅಂತಾರಾಷ್ಟ್ರೀಯ ರಾಮ್ಸರ್ ಪಟ್ಟಿಯಲ್ಲಿ ಪ್ರಕಟವಾಯಿತು. ಕೆರೆಯೊಳಗೆ ಕರಿಜಾಲಿ ಮರಗಳಿವೆ. ನೀರು ತುಂಬಿದಾಗ ಒಂದೊಂದು ಮರವೂ ಒಂದೊಂದು ದ್ವೀಪ! ಬೆಕ್ಕು, ನರಿಗಳ ಕಾಟ ಕಡಿಮೆಯೆಂದು ಹಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ. ಬಣ್ಣದ ಕೊಕ್ಕರೆಗಳಲ್ಲಿ ಗಂಡು ಹೆಣ್ಣು ಎರಡೂ ಸರದಿಯಂತೆ ಕಾವು ಕೂರುತ್ತವೆ, ಎರಡೂ ಮೀನು ತಂದು ಮರಿಗಳಿಗೆ ಉಣಿಸುತ್ತವೆ. (ಮಕ್ಕಳಿಗಿಂತ ಮುಂಚೆ ಮಕ್ಕಳ ಅಬ್ಬಾಗೆ ಇದನ್ನು ತೋರಿಸಿ.) ಚಳಿಗಾಲದಲ್ಲಿ ದೂರದ ವಲಸೆ ಹಕ್ಕಿಗಳೂ ಬರುತ್ತವೆ.

ಕೋಟೆ ಇಷ್ಟವಿದ್ದವರಿಗೆ ಕೂಡ್ಲಿಗಿ ತಾಲೂಕಿನ ಗುಡೇಕೋಟೆಯಿದೆ. ಹಡಗಲಿಯ ಕಡೆ ಹೋದರೆ ಮಲ್ಲಿಗೆ ತರಲು ಮರೆಯಬೇಡಿ.

ಆದರೆ ಒಂದು ಮಾತು. ನಸುಕಿನಲ್ಲೇ ಎದ್ದು ಇಡೀ ಕುಟುಂಬಕ್ಕೆ ಬಿರಿಯಾನಿ ಮಾಡಿ, ಅಲ್ಲಿ ಬಡಿಸಿ, ಸಂಜೆ ಬಂದು ಪಾತ್ರೆ ತಿಕ್ಕಿದರೆ ಅದು ನಿಮಗೆ ರಜೆಯಾದೀತೇ? ಅಡುಗೆಮನೆ ಜಾಗ ಬದಲಿಸಿತಷ್ಟೇ. ಹೊರಡುವ ಹಿಂದಿನ ರಾತ್ರಿಯೇ ಪತಿಯೊಂದಿಗೆ, ಬೆಳೆದ ಮಕ್ಕಳೊಂದಿಗೆ ಕೂತು ಕೆಲಸ ಹಂಚಿಕೊಳ್ಳಿ. ದಾರಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡರೂ ಹೊಟ್ಟೆ ತುಂಬುತ್ತದೆ. ಪ್ಲಾಸ್ಟಿಕ್ ಚೀಲ ಮಾತ್ರ ಕೆರೆಯ ದಂಡೆಯಲ್ಲಿ ಬಿಡದೆ ವಾಪಸ್ ತನ್ನಿ.