ಐರ್ಲೆಂಡಿನ ಹಳ್ಳಿಮನೆಗಳ ನಂಬಿಕೆಗಳು

1937ರಿಂದ ಎರಡು ವರ್ಷ, ಐರ್ಲೆಂಡಿನ ಜಾನಪದ ಆಯೋಗದ ಕೋರಿಕೆಯಂತೆ ಸುಮಾರು 5,000 ಶಾಲೆಗಳ ಮಕ್ಕಳು ತಮ್ಮ ಅಜ್ಜ ಅಜ್ಜಿಯರ ಬಳಿ ಕುಳಿತು, ಅವರು ಹೇಳಿದ ಹಳೆಯ ಕಥೆ, ಮನೆಮದ್ದು, ಆಚರಣೆಗಳನ್ನು ಬರೆದಿಟ್ಟರು. ಅಂತಹ ನಂಬಿಕೆಗಳಲ್ಲಿ ಕೆಲವನ್ನು ವಾಚಕ ಬಂಧುಗಳ ಮುಂದಿಡಲು ಬಯಸುತ್ತೇವೆ.

ಮನೆಯ ಸುತ್ತ ಕಣ್ಣಿಗೆ ಕಾಣದ ಜನರು ವಾಸಿಸುವರೆಂದು ಆ ರೈತರು ನಂಬಿದ್ದರು. ಹೆಸರಿಡಿದು ಕರೆಯಲು ಅಂಜಿ ಅವರನ್ನು 'ಒಳ್ಳೆಯ ಜನ' ಎನ್ನುತ್ತಿದ್ದರು. ರಾತ್ರಿ ಹೊರಗೆ ನೀರು ಚೆಲ್ಲುವ ಮುನ್ನ, ಅದು ಅವರ ಮೈಮೇಲೆ ಬಿದ್ದೀತೆಂದು ಕೂಗಿ ಎಚ್ಚರಿಸುತ್ತಿದ್ದರು. ಬಯಲಿನ ಒಂಟಿ ಮುಳ್ಳುಮರ ಅವರ ನೆಲೆ. ಅದಕ್ಕೆ ಕೊಡಲಿ ಹಾಕುವಂತಿರಲಿಲ್ಲ. 1999ರಲ್ಲಿಯೂ ಕ್ಲೇರ್ ಪ್ರಾಂತದಲ್ಲಿ ಹೆದ್ದಾರಿಗೆ ಅಡ್ಡ ಬಂದ ಅಂತಹ ಒಂದು ಮರವನ್ನು ಕಡಿಯದೆ ಉಳಿಸಿಕೊಂಡರು.

ಬೆಣ್ಣೆ ಕಡೆಯುವಾಗ ಬಂದ ಅತಿಥಿ ದೇವರನ್ನು ನೆನೆದು ಕಡೆಗೋಲಿಗೆ ಕೈಹಚ್ಚಲೇಬೇಕು. ಇಲ್ಲವಾದರೆ ಬೆಣ್ಣೆಯ ಭಾಗ್ಯ ಅವನೊಡನೆ ಹೊರಟುಹೋಗುವುದು. ಮೇ ತಿಂಗಳ ಮೊದಲ ದಿನ ಹಾಲನ್ನಾಗಲಿ ಬೆಂಕಿಯನ್ನಾಗಲಿ ನೆರೆಯವರಿಗೆ ಕೊಡುತ್ತಿರಲಿಲ್ಲ. ಇದನ್ನು ಜಿಪುಣತನವೆಂದು ನಾವು ಹಳಿಯಲಾರೆವು. ಬೆಣ್ಣೆ ಮಾರಿ ಭೂಮಿಯ ಗೇಣಿ ಕಟ್ಟುವ ಮನೆಗಳು ಅಲ್ಲಿ ಅನೇಕವಿದ್ದವು. ಅತಿಥಿಯೂ ಕೆಲಸಕ್ಕೆ ಕೈಗೂಡಿಸಬೇಕೆಂಬ ಪದ್ಧತಿಯಂತೂ ನಮಗೆ ಮೆಚ್ಚುಗೆಯಾಯಿತು.

ಆದರೆ ತೊಟ್ಟಿಲ ಮೇಲೆ ಕಬ್ಬಿಣದ ಇಕ್ಕಳವಿಡುವ ಪದ್ಧತಿಯನ್ನು ಓದಿದಾಗ ಮನಸ್ಸು ಭಾರವಾಯಿತು. ಕಾಣದ ಜನರು ಒಳ್ಳೆಯ ಮಗುವನ್ನೊಯ್ದು, ತಮ್ಮ ರೋಗಿಷ್ಠ ಮಗುವನ್ನು ಇರಿಸಿಹೋಗುವರೆಂಬ ಭಯ ಅದಕ್ಕೆ ಕಾರಣ. ದೊಡ್ಡವರನ್ನೂ ಹೀಗೆಯೇ ಬದಲಿಸುವರೆಂದು ನಂಬಿದ್ದರು.

ಟಿಪ್ಪರರಿ ಪ್ರಾಂತದ ಬ್ಯಾಲಿವಾಡ್ಲಿ ಎಂಬಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ಗೃಹಿಣಿಯಿದ್ದಳು. ಬಟ್ಟೆ ಹೊಲಿದು, ಕೋಳಿ ಸಾಕಿ ನಾಲ್ಕು ಕಾಸು ಸಂಪಾದಿಸುವ ಜಾಣೆ. 1895ರ ಮಾರ್ಚಿಯಲ್ಲಿ ಕಾಯಿಲೆ ಬಿದ್ದಳು. ಪೀಪಾಯಿ ಮಾಡುವ ಕಸುಬಿನ ಆಕೆಯ ಗಂಡ, ಇವಳು ತನ್ನ ಹೆಂಡತಿಯೇ ಅಲ್ಲವೆಂದು ಶಂಕಿಸಿದನು. ಹಾಲಿನಲ್ಲಿ ಸೊಪ್ಪು ಕುದಿಸಿ ಬಲವಂತದಿಂದ ಕುಡಿಸಿದರು. ನೀನು ಯಾರೆಂದು ಮತ್ತೆ ಮತ್ತೆ ಕೇಳಿದರು. ತಂದೆ, ಬಂಧುಗಳು ಮನೆಯಲ್ಲಿದ್ದಂತೆಯೇ 15ರ ರಾತ್ರಿ ಗಂಡನು ಆಕೆಯನ್ನು ಒಲೆಯ ಮುಂದೆಯೇ ಸುಟ್ಟನು. ನಿಜವಾದ ಹೆಂಡತಿ ಬಿಳಿಯ ಕುದುರೆಯೇರಿ ಬರುವಳೆಂದು ಹೇಳಿ, ಹತ್ತಿರದ ಹಳೆಯ ಮಣ್ಣಿನ ಕೋಟೆಗೆ ಹೋಗಿ ಕಾದನು. ಒಂದು ವಾರದ ಮೇಲೆ ಪೊಲೀಸರು ಶವವನ್ನು ಹೊರತೆಗೆದರು. ಅವನಿಗೆ 20 ವರ್ಷ ಶಿಕ್ಷೆಯಾಗಿ, 1910ರಲ್ಲಿ ಬಿಡುಗಡೆಯಾಯಿತು.

ಆಕೆಯನ್ನು ಸುಡುವುದಕ್ಕೆ ಎರಡು ದಿನ ಮೊದಲು ವೈದ್ಯರು ಮನೆಗೆ ಬಂದು ನೋಡಿದ್ದರು. ಸ್ವಲ್ಪ ಎದೆಕಟ್ಟಿದೆಯೆಂದು ಹೇಳಿಹೋಗಿದ್ದರು.